ಕಾಫಿ ಹೂವಿನ ತಪ್ಪು, ಉಪಗ್ರಹದ ನೆಪ್ಪು

ಸಕಲೇಶಪುರದ ಕಡೆಯ ತೋಟದ ಗೌಡರೊಬ್ಬರು ನನ್ನಿಂದ ಒಯ್ದಿದ್ದ ಥ್ರಿಲ್ಲರ್ ಕಾದಂಬರಿಯನ್ನು ಸಿಡಿಮಿಡಿಗುಟ್ಟುತ್ತಲೇ ವಾಪಸು ಕೊಟ್ಟರು. "ಮೇಷ್ಟ್ರೇ, ಇದನ್ನ ಬರೆದೋನು ತೋಟದ ಮುಖಾನೇ ನೋಡಿಲ್ಲ. ನವೆಂಬರ್‌ನಲ್ಲಿ ಕಾಫಿ ಹೂ ಬಿಡಿಸವ್ನೆ!" ಬೇಸಿಗೆಯ ಹೂಮಳೆ ಬಿದ್ದು ಎಂಟೊಂಬತ್ತು ದಿನಕ್ಕೆ ತೋಟ ಬೆಳ್ಳಗಾಗುವುದನ್ನು ನೋಡಿಕೊಂಡೇ ಬೆಳೆದವರು ಅವರು. ನವೆಂಬರ್ ಅಂದರೆ ಅವರಿಗೆ ಹಣ್ಣಿನ ಕೊಯ್ಲು.

ಅದೇ ಕಾದಂಬರಿಯಲ್ಲಿ ಖಳನಾಯಕ ಕತ್ತಲೆ ಕೋಣೆಯಲ್ಲಿ ಕೂತು, ಗುಪ್ತ ಉಪಗ್ರಹದಿಂದ ಬಸ್‌ಸ್ಟ್ಯಾಂಡಿನ ಗುಂಪಿನಲ್ಲಿ ನಾಯಕನ ಮುಖ ಗುರುತಿಸುತ್ತಾನೆ. ಅದಕ್ಕೆ ಗೌಡರ ತಕರಾರಿಲ್ಲ. ದನಿ ತಗ್ಗಿಸಿ ಕೇಳಿದರು: "ಹಾಸನದ ಸಾಲಗಾಮೆ ರೋಡಲ್ಲಿ ಆ ದೊಡ್ಡ ದೊಡ್ಡ ಡಿಶ್ ಅವಲ್ಲ, ಅದ್ರಿಂದ ನಮ್ಮ ಕಾಫಿ ಕಣಾನೂ ಕಾಣ್ತದಂತಲ್ಲ?"

ಆ ಡಿಶ್‌ಗಳು ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರದವು. 1982ರಿಂದ ಅಲ್ಲಿ ನಡೆಯುತ್ತಿರುವುದು ಹೆಚ್ಚುಕಡಿಮೆ ದನ ಕಾಯುವ ಕೆಲಸ. ಸುಮಾರು 36,000 ಕಿ.ಮೀ. ಎತ್ತರದ, ನೆಲದಿಂದ ನೋಡಿದರೆ ಒಂದೇ ಕಡೆ ನಿಂತಂತಿರುವ ಭೂಸ್ಥಿರ ಉಪಗ್ರಹಗಳನ್ನು ಸೂರ್ಯ, ಚಂದ್ರರ ಸೆಳೆತ ಮೆಲ್ಲಗೆ ಜಾಗ ತಪ್ಪಿಸುತ್ತಿರುತ್ತದೆ. ಪುಟ್ಟ ರಾಕೆಟ್‌ಗಳನ್ನು ಉರಿಸಿ ಅವನ್ನು ಮತ್ತೆ ಗೂಟದ ಹತ್ತಿರ ತರಬೇಕು. ಇಂಧನ ಮುಗಿಯುತ್ತ ಬಂದಾಗ ಇನ್ನೂ ಮುನ್ನೂರು ಕಿ.ಮೀ.ಯಷ್ಟು ಮೇಲಕ್ಕೆ ತಳ್ಳಿ ಬೀಳ್ಕೊಡುವುದು. ಇದನ್ನು ಬರೆದರೆ ಯಾವ ಕಾದಂಬರಿ ಖರ್ಚಾದೀತು?

ಅಷ್ಟು ದೂರದಿಂದ ಮುಖ ಕಾಣದಿರುವುದಕ್ಕೆ ಕಾರಣ ಬೆಳಕಿನ ಸ್ವಭಾವ. ಬೆಳಕು ಅಲೆಯಾದ್ದರಿಂದ ಅದನ್ನು ಹಿಡಿಯುವ ಕನ್ನಡಿ ಚಿಕ್ಕದಾದಷ್ಟೂ ಚಿತ್ರ ಕದಡುತ್ತದೆ. 36,000 ಕಿ.ಮೀ.ನಿಂದ ಹತ್ತು ಸೆಂಟಿಮೀಟರ್ ಅಂತರದ ಎರಡು ಚುಕ್ಕೆಗಳನ್ನು ಬೇರೆ ಮಾಡಿ ನೋಡಲು 200 ಮೀಟರಿಗೂ ಅಗಲದ ಕನ್ನಡಿ ಬೇಕು. ಹಬಲ್ ದೂರದರ್ಶಕದ್ದು 2.4 ಮೀಟರ್. 36,000 ಕಿ.ಮೀ. ಎತ್ತರದಿಂದ ಮೋಡ ನೋಡುವ ಇನ್ಸಾಟ್-3ಡಿ ಸರಣಿಯ ಉಪಗ್ರಹಗಳ ಚಿತ್ರದಲ್ಲಿ ಅತಿ ಸಣ್ಣ ಚುಕ್ಕೆಯೇ ನೆಲದ ಮೇಲಿನ ಒಂದು ಚದರ ಕಿ.ಮೀ.; ಗೌಡರ ನಲವತ್ತು ಎಕರೆಯಂಥ ಆರು ತೋಟ ಅದರೊಳಗೆ ಅಡಗುತ್ತವೆ. ಐನೂರು ಕಿ.ಮೀ. ಚಿಲ್ಲರೆ ಎತ್ತರಕ್ಕೆ ಇಳಿದು ಹಾರುವ ಕಾರ್ಟೊಸ್ಯಾಟ್-3ರ (2019) ಚುಕ್ಕೆ 25 ಸೆಂಟಿಮೀಟರ್. ಕಣ ಚೆನ್ನಾಗಿಯೇ ಕಾಣುತ್ತದೆ. ಗೌಡರ ಟೋಪಿ ಒಂದು ಚುಕ್ಕೆ. ಆದರೆ ಅದು ಸೆಕೆಂಡಿಗೆ ಏಳು ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಓಡುತ್ತಿರುತ್ತದೆ, ತಲೆಯ ಮೇಲೆ ನಿಂತು ಕಾಯುವುದಿಲ್ಲ.

"ಜಿಪಿಎಸ್?" ಅಂದರು. ಆ ಉಪಗ್ರಹಗಳು ಸಮಯವನ್ನೂ ತಾವಿರುವ ಜಾಗವನ್ನೂ ಸಾರುತ್ತವೆ, ಅಷ್ಟೇ. ಕೇಳಿಸಿಕೊಂಡು ಲೆಕ್ಕ ಹಾಕುವುದು ಜೇಬಿನ ಫೋನು. ನಾವು ಎಲ್ಲಿದ್ದೇವೆಂದು ಸುಳಿವು ಸಿಗುವುದು ಮೊಬೈಲ್ ಟವರಿಗೆ. ಅದರಲ್ಲಿ ಗುಪ್ತವೇನೂ ಇಲ್ಲ, ಆದ್ದರಿಂದಲೇ ಯಾರೂ ಹೆದರುವುದಿಲ್ಲ. (ಗೌಡರ ಮನೆಯಲ್ಲಿ ಸಿಗ್ನಲ್ ಬೇಕೆಂದರೆ ಗುಡ್ಡ ಹತ್ತಬೇಕು. ಖಳನಾಯಕ ಏನು ಮಾಡುತ್ತಿದ್ದನೋ!)

ಗೌಡರನ್ನು ನೋಡಿ ನಗುವಂತಿಲ್ಲ. ಮನೋವಿಜ್ಞಾನಿ ಎಲಿಜಬೆತ್ ಮಾರ್ಷ್ ಮತ್ತು ಸಹೋದ್ಯೋಗಿಗಳು 2003ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಬೇಕೆಂದೇ ತಪ್ಪು ಸಂಗತಿ ಸೇರಿಸಿದ್ದ ಕಥೆಗಳನ್ನು ಓದಿದವರು ಆಮೇಲೆ ಸಾಮಾನ್ಯ ಜ್ಞಾನದ ಪ್ರಶ್ನೆಗಳಿಗೆ ಅದೇ ತಪ್ಪನ್ನು ಉತ್ತರವಾಗಿ ಕೊಟ್ಟರು. 'ಇದು ನನಗೆ ಮೊದಲೇ ಗೊತ್ತಿತ್ತು' ಎಂಬ ಭಾವನೆ ಬೇರೆ! ಕಥೆಯಲ್ಲಿ ತಪ್ಪಿರಬಹುದೆಂದು ಮೊದಲೇ ಎಚ್ಚರಿಸಿದರೂ ಹೆಚ್ಚು ಉಪಯೋಗವಾಗಲಿಲ್ಲವೆಂದು ಮುಂದಿನ ಪ್ರಯೋಗ ತೋರಿಸಿತು. ಬೇಲಿಯೊಳಗಿನ ತಂತ್ರಜ್ಞಾನ ಕಾದಂಬರಿಕಾರನಿಗೆ ಪ್ರಿಯವಾಗುವುದು ಇದಕ್ಕೇ ಇರಬೇಕು: ಅಲ್ಲಿ ಯಾವ ಓದುಗನೂ ಹೂಮಳೆ ನೋಡಿರುವುದಿಲ್ಲ.

ನಾನು ಅರಸೀಕೆರೆ ಕಡೆಯ ತೆಂಗಿನ ಸೀಮೆಯವನು. ಗೌಡರು ಹೋದ ಮೇಲೆ ಪುಸ್ತಕ ತೆರೆದೆ. ಉಪಗ್ರಹದ ಪುಟಗಳಲ್ಲಿ ನನ್ನ ಪೆನ್ಸಿಲ್ಲಿನ ಅಡ್ಡಗೀಟುಗಳಿದ್ದವು. ಕಾಫಿ ಹೂವಿನ ಪುಟದಲ್ಲಿ ಒಂದು ಗೀಟೂ ಇರಲಿಲ್ಲ. ಅದನ್ನು ಓದುವಾಗ ಘಮ ಬಂದಂತಾಗಿದ್ದು ಮಾತ್ರ ನೆನಪಿದೆ.