ಮಿ.ಮೀ. ಲೆಕ್ಕವನ್ನು ಅಂಗಳಕ್ಕೆ ತರುವುದು: ಕರಾವಳಿ ಮಳೆಗಾಲದ ಅಧ್ಯಯನ ಟಿಪ್ಪಣಿ

ವಿಪತ್ತು ನಿರ್ವಹಣೆ ಪಾಠದಲ್ಲಿ ಉಡುಪಿ, ದಕ್ಷಿಣ ಕನ್ನಡದ ಹಳ್ಳಿಮನೆಗೆ ಬೇಕಾದದ್ದನ್ನು ಮಾತ್ರ ಇಲ್ಲಿ ಬರೆದಿಟ್ಟಿದ್ದೇನೆ. ನೆರೆ, ಗುಡ್ಡ ಜರಿತ, ಸಿಡಿಲು, ಕಡಲ್ಕೊರೆತ, ಚಂಡಮಾರುತ: ನಮ್ಮ ಪಟ್ಟಿ ಇಷ್ಟೇ. ಇದರಲ್ಲಿ ಹೆಚ್ಚಿನವು ಮಳೆಗೇ ಬಂದು ನಿಲ್ಲುತ್ತವೆ. ಹಾಗಾಗಿ ಮೊದಲು ಮಳೆಯ ಅಂಕಿ ಓದಲು ಕಲಿಯಬೇಕು.

ಬಣ್ಣ, ಮಿ.ಮೀ., ಮತ್ತೆ 8.30

ಹವಾಮಾನ ಇಲಾಖೆಯ ಲೆಕ್ಕ ಹೀಗಿದೆ. 24 ಗಂಟೆಯಲ್ಲಿ 64.5 ರಿಂದ 115.5 ಮಿ.ಮೀ. ಸುರಿದರೆ ಭಾರಿ ಮಳೆ. 115.6 ರಿಂದ 204.4 ಆದರೆ ಅತಿ ಭಾರಿ. 204.5 ದಾಟಿದರೆ ವಿಪರೀತ ಮಳೆ. ಎಚ್ಚರಿಕೆಯ ಬಣ್ಣಗಳಲ್ಲಿ ಹಳದಿ ಅಂದ್ರೆ ಗಮನ ಇಟ್ಟಿರಿ, ಕಿತ್ತಳೆ ಅಂದ್ರೆ ಸಿದ್ಧರಾಗಿ, ಕೆಂಪು ಅಂದ್ರೆ ಈಗಲೇ ಕ್ರಮ ತಗೊಳ್ಳಿ. ಇದನ್ನು ಬಾಯಿಪಾಠ ಮಾಡುವುದು ಸುಲಭ. ಆದರೆ 115 ಮಿ.ಮೀ. ಅಂದರೆ ನನ್ನ ಅಂಗಳದಲ್ಲಿ ಎಷ್ಟು ನೀರು? ನನಗೆ ಜಾಸ್ತಿ ಹೊತ್ತು ಹಿಡಿದದ್ದು ಇದೇ. ಅದಕ್ಕೇ ಬಿಡಿಸಿ ಬರೆಯುತ್ತೇನೆ.

ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಸಿಮೆಂಟ್ ನೆಲ ಇದೆ ಅಂದುಕೊಳ್ಳಿ. ನೀರು ಹರಿದುಹೋಗದ ಹಾಗೆ ಸುತ್ತ ಕಟ್ಟೆ ಇದೆ. ಅದರಲ್ಲಿ 1 ಮಿ.ಮೀ. ಎತ್ತರಕ್ಕೆ ನೀರು ನಿಂತರೆ 100 × 100 × 0.1, ಅಂದರೆ 1000 ಘನ ಸೆಂ.ಮೀ. ಅದು ಸರಿಯಾಗಿ 1 ಲೀಟರ್. ಅಷ್ಟೇ ವಿಷಯ: ಒಂದು ಚದರ ಮೀಟರಿಗೆ ಒಂದು ಮಿ.ಮೀ. ಬಿದ್ದರೆ ಒಂದು ಲೀಟರ್.

ನಮ್ಮ ಕಡೆ ಜಾಗ ಅಳೆಯುವುದು ಸೆಂಟ್ಸ್‌ನಲ್ಲಿ ಅಲ್ವಾ? ಒಂದು ಸೆಂಟ್ಸ್ ಅಂದರೆ ಸುಮಾರು 40 ಚದರ ಮೀಟರ್. ಐದು ಸೆಂಟ್ಸ್ ಆದರೆ 200. ಹಾಗಾದರೆ ಐದು ಸೆಂಟ್ಸ್ ಮನೆ ಜಾಗದ ಮೇಲೆ ಒಂದೊಂದು ಮಿ.ಮೀ. ಮಳೆಯೂ 200 ಲೀಟರಿನ ಒಂದು ಡ್ರಮ್ ನೀರು. ಈ ಒಂದು ಸಾಲು ನೆನಪಿಟ್ಟರೆ ಸಾಕು. ಭಾರಿ ಮಳೆ ಅಂದರೆ ಕಡಿಮೆ ಅಂದರೂ 65 ಡ್ರಮ್. ವಿಪರೀತ ಅಂದರೆ 205 ಡ್ರಮ್, ಅಂದರೆ 41,000 ಲೀಟರ್. ಅದು ನಿಮ್ಮ ಜಾಗದ್ದು ಮಾತ್ರ. ಮೇಲಿನ ಗುಡ್ಡದ ನೀರೂ ನಿಮ್ಮ ತೋಡಿಗೇ ಬರುತ್ತದೆ. ತೋಡಿನ ಕಸ ಮೇ ತಿಂಗಳಲ್ಲೇ ಯಾಕೆ ತೆಗೆಯಬೇಕು ಅಂತ ಈ ಲೆಕ್ಕ ಮಾಡಿದ ಮೇಲೆ ಯಾರೂ ಕೇಳುವುದಿಲ್ಲ.

ಇನ್ನೊಂದು ಗೊಂದಲ ತಾರೀಕಿನದ್ದು. ದಿನದ ಮಳೆಯನ್ನು ಅಳೆದು ಬರೆಯುವುದು ಬೆಳಿಗ್ಗೆ 8.30ಕ್ಕೆ. ಆ ಅಂಕಿಯಲ್ಲಿ ಇರುವುದು ಹಿಂದಿನ 24 ಗಂಟೆಯ ಮಳೆ. ಮಂಗಳೂರು ಮುಳುಗಿದ 2018ರ ಮೇ 29ರ ಮಳೆ ನೋಡಿ. ಹಗಲು ಹೊತ್ತಿನಲ್ಲಿ ಸುರಿದದ್ದು, ಹಾಗಾಗಿ ಮೇ 30ರ ಲೆಕ್ಕಕ್ಕೆ ಸೇರುತ್ತದೆ. ಉಡುಪಿಯ 2020ರ ಸೆಪ್ಟೆಂಬರ್ ನೆರೆಯ ಮಳೆ 19ರ ರಾತ್ರಿಯಿಂದ ಬೆಳಗಿನ ತನಕ ಸುರಿಯಿತು. ಅದು 20ರ ಲೆಕ್ಕಕ್ಕೇ ಬಂತು. ಹಳೆಯ ಪತ್ರಿಕೆಯ ಸುದ್ದಿಯನ್ನೂ ಮಳೆ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ಓದುವವರು ಇದನ್ನು ಮರೆಯಬಾರದು.

ಇದೇ ಎರಡು ಘಟನೆ ಇನ್ನೊಂದು ವಿಷಯ ಹೇಳುತ್ತವೆ. ಒಂದು ಮುಂಗಾರು ನಮ್ಮಲ್ಲಿ ಸರಿಯಾಗಿ ಹಿಡಿಯುವ ಮೊದಲು, ಇನ್ನೊಂದು ತುಳುವಿನ ಮಳೆ ತಿಂಗಳುಗಳಾದ ಆಟಿ, ಸೋಣ ಎಲ್ಲ ಮುಗಿದ ಮೇಲೆ. "ಇನ್ನು ಮಳೆ ಇಲ್ಲ ಬಿಡಿ" ಅನ್ನುವ ಮಾತಿನ ಮೇಲೆ ಮನೆಯ ತಯಾರಿ ನಿಲ್ಲಿಸಬಾರದು. ಮತ್ತೆ, 150 ಮಿ.ಮೀ. ಇಡೀ ದಿನ ಜಿನುಗಿದರೆ ನಮ್ಮ ಮಣ್ಣು ಹೇಗೋ ತಾಳಿಕೊಳ್ಳುತ್ತದೆ. ಮೂರು ಗಂಟೆಯಲ್ಲಿ ಸುರಿದರೆ ತಾಳುವುದಿಲ್ಲ. ದಿನದ ಅಂಕಿ ಈ ವ್ಯತ್ಯಾಸ ತೋರಿಸುವುದಿಲ್ಲ.

ಉಬ್ಬರ

ಕಡಲು ಏರಿದ್ದಾಗ ಹೊಳೆಯ ನೀರು ಬೇಗ ಇಳಿಯುವುದಿಲ್ಲ. ಉಬ್ಬರ ಸುಮಾರು 12 ಗಂಟೆ 25 ನಿಮಿಷಕ್ಕೊಮ್ಮೆ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಹೊತ್ತಿಗೆ ಜೋರು. ಸ್ವರ್ಣಾ, ಸೀತಾ, ಫಲ್ಗುಣಿ, ನೇತ್ರಾವತಿಯ ಅಳಿವೆ ಹತ್ತಿರ ಬೈಲಿನಲ್ಲಿ ಮನೆ ಇದ್ದವರು ಮಳೆಯ ಮುನ್ಸೂಚನೆಯ ಜೊತೆ ಉಬ್ಬರದ ಹೊತ್ತನ್ನೂ ನೋಡಿಕೊಳ್ಳಬೇಕು.

ಮನೆ ಹಿಂದಿನ ಧರೆ

ಧರೆ ಅಂದರೆ ಕಡಿದ ಗುಡ್ಡದ ನೆಟ್ಟಗಿನ ಬದಿ. ಅದರಲ್ಲಿ ಮೇಲೆ ಗಟ್ಟಿ ಮುರಕಲ್ಲು, ಕೆಳಗೆ ಶೇಡಿ ಮಣ್ಣು. ಶೇಡಿ ಒಣಗಿದ್ದಾಗ ಗೋಡೆಯ ಹಾಗೆ ನೆಟ್ಟಗೆ ನಿಲ್ಲುತ್ತದೆ. ನೀರು ಕುಡಿದರೆ ಬಲ ಕಳೆದುಕೊಳ್ಳುತ್ತದೆ. ಮನೆ ಕಟ್ಟಲು ಗುಡ್ಡ ಕಡಿದಲ್ಲೆಲ್ಲ ಈ ಶೇಡಿ ಪದರ ಹೊರಗೆ ಬಂದಿದೆಯಾ ಅಂತ ಬೇಸಿಗೆಯಲ್ಲೇ ನೋಡಿ. ಬಿಳಿ, ಹಳದಿ, ನಸುಗೆಂಪು ಬಣ್ಣ, ಮುಟ್ಟಿದರೆ ಬೆರಳಿಗೆ ನುಣ್ಣಗೆ ಅಂಟುವ ಪುಡಿ. ಧರೆಯ ಮೇಲ್ಭಾಗದಲ್ಲಿ ಬಿರುಕು, ಮರ ವಾಲುವುದು, ಬುಡದಲ್ಲಿ ಹೊಸದಾಗಿ ಕೆಸರು ನೀರು ಜಿನುಗುವುದು, ಬಾಗಿಲು ಇದ್ದಕ್ಕಿದ್ದಂತೆ ಸಿಕ್ಕಿಕೊಳ್ಳುವುದು: ಇದರಲ್ಲಿ ಒಂದು ಕಂಡರೂ ಆ ರಾತ್ರಿ ಅಲ್ಲಿ ಮಲಗಬೇಡಿ. ಕೆಂಪು ಎಚ್ಚರಿಕೆಗಾಗಿ ಕಾಯುವುದು ಬೇಡ. ವಾರಗಟ್ಟಲೆ ನೆನೆದ ಧರೆ ಹಳದಿ ದಿನದಲ್ಲೂ ಜರಿಯಬಹುದು. ಧರೆಯ ಮೇಲಿಂದ ಬರುವ ನೀರಿಗೆ ಬೇರೆ ಕಣಿ ತೋಡಿ ದಾರಿ ಮಾಡಿಕೊಡುವುದು ಮನೆಯವರೇ ಮಾಡಬಹುದಾದ ಒಳ್ಳೆಯ ಕೆಲಸ.

ಸಿಡಿಲು

ಮಿಂಚಿಗೂ ಗುಡುಗಿಗೂ ನಡುವಿನ ಸೆಕೆಂಡನ್ನು ಮೂರರಿಂದ ಭಾಗಿಸಿದರೆ ಕಿಲೋಮೀಟರ್ ಸಿಗುತ್ತದೆ. 30 ಸೆಕೆಂಡಿಗಿಂತ ಕಡಿಮೆ ಇದ್ದರೆ ತೋಟದಿಂದ ಮನೆಯೊಳಗೆ. ಕೊನೆಯ ಗುಡುಗಿನ ಮೇಲೆ 30 ನಿಮಿಷ ಹೊರಗೆ ಬೇಡ. ಸಿಡಿಲಿನ ಮುನ್ನೆಚ್ಚರಿಕೆ ಕೊಡುವ ದಾಮಿನಿ ಆ್ಯಪ್ ಹಾಕಿಕೊಳ್ಳಿ.

ಮನೆಯೊಳಗೆ

ಆಧಾರ್, ಆರ್‌ಟಿಸಿ, ಪಾಸ್‌ಬುಕ್ ಪ್ಲಾಸ್ಟಿಕ್ ಚೀಲದಲ್ಲಿ. ಟಾರ್ಚ್, ಪವರ್ ಬ್ಯಾಂಕ್, ಅಜ್ಜ ಅಜ್ಜಿಯ ಒಂದು ವಾರದ ಮಾತ್ರೆ. ನೀರು ಅಂಗಳಕ್ಕೆ ಬಂದಾಗಲೇ ಮೈನ್ ಸ್ವಿಚ್ ಆಫ್ ಮಾಡಿ. ಒಳಗೆ ನೀರು ನಿಂತ ಮೇಲೆ ಅದನ್ನು ಮುಟ್ಟಬೇಡಿ. ಹಟ್ಟಿಯ ದನಗಳ ಹಗ್ಗ ಬಿಚ್ಚಿ. ಕಟ್ಟಿದ ದನಕ್ಕೆ ಈಜಲು ಆಗುವುದಿಲ್ಲ. ತುರ್ತಿಗೆ 112, ಜಿಲ್ಲಾ ನಿಯಂತ್ರಣ ಕೊಠಡಿಗೆ 1077, ತುಂಡಾದ ಕರೆಂಟ್ ತಂತಿಗೆ 1912.

ನೆರೆ ಇಳಿದ ಮೇಲೆ ಬಾವಿ. ಬಾವಿಯ ಅಡ್ಡಳತೆಯನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಮತ್ತೆ 785ರಿಂದ ಗುಣಿಸಿ. ಅಳತೆ ಮೀಟರಿನಲ್ಲಿದ್ದರೆ ಲೀಟರ್ ಸಿಗುತ್ತದೆ. 2 ಮೀಟರ್ ಅಡ್ಡಳತೆ, 4 ಮೀಟರ್ ನೀರು ಇದ್ದರೆ ಸುಮಾರು 12,560 ಲೀಟರ್. ಸಾವಿರ ಲೀಟರಿಗೆ 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿಯ ಲೆಕ್ಕದಲ್ಲಿ 31 ಗ್ರಾಂ. ಇದು ಸಾಮಾನ್ಯ ನೀರಿಗೆ. ನೆರೆ ನುಗ್ಗಿದ ಬಾವಿಯ ಕೆಸರು ನೀರನ್ನು ಮೊದಲು ಪಂಪ್ ಹಾಕಿ ತೆಗೆಸಿ, ಎಷ್ಟು ಪುಡಿ ಅಂತ ಆರೋಗ್ಯ ಕಾರ್ಯಕರ್ತೆಯರನ್ನು ಕೇಳಿ. ಪುಡಿಯನ್ನು ಬಕೆಟ್ ನೀರಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಮಾತ್ರ ಬಾವಿಗೆ ಬಿಡಿ. ಕೊಡಪಾನ ಇಳಿಸಿ ಚೆನ್ನಾಗಿ ಕಲಕಿ, ಒಂದು ಗಂಟೆ ಬಿಡಿ. ಕುಡಿಯುವ ನೀರನ್ನು ಆಮೇಲೂ ಕುದಿಸಿಯೇ ಕುಡಿಯಿರಿ. ಬಾಯಿ ತೆರೆದಿಟ್ಟ ಬ್ಲೀಚಿಂಗ್ ಪುಡಿಯ ಕ್ಲೋರಿನ್ ಹಾರಿಹೋಗಿರುತ್ತದೆ. ಕಳೆದ ವರ್ಷದ ಡಬ್ಬಿ ಇದ್ದರೆ ಅದನ್ನು ನಂಬಬೇಡಿ, ಹೊಸದು ತನ್ನಿ.