ಕೆಲಸ ಬಿಟ್ಟವರು ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡಿ ಕೊಟ್ಟಿದ್ದಾರೆ. ಫೈಲ್ ಒಯ್ದಿದ್ದರೆ ಈಗಲೂ ಗೊತ್ತಾಗುತ್ತಾ?

ಪ್ರಶ್ನೆ: ನಮ್ಮದು ಪೀಣ್ಯದಲ್ಲಿ ಒಂದು ಸಣ್ಣ ಟೂಲಿಂಗ್ ಕಂಪನಿ. ಡಿಸೈನ್ ನೋಡಿಕೊಳ್ಳುತ್ತಿದ್ದ ಹಿರಿಯ ಎಂಜಿನಿಯರ್ ಕೆಲಸ ಬಿಟ್ಟು ನಮ್ಮ ಪೈಪೋಟಿಯವರ ಹತ್ತಿರ ಸೇರಿದ್ದಾರೆ. ಈಗ ನಮ್ಮ ಗಿರಾಕಿಗಳಿಗೆ ಅವರಿಂದ ಕೊಟೇಶನ್ ಹೋಗುತ್ತಿದೆ. ಅದರಲ್ಲಿರುವ ಡ್ರಾಯಿಂಗ್ ನಮ್ಮದೇ ಥರ ಇದೆ. ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡಿ ವಾಪಸ್ ಕೊಟ್ಟಿದ್ದರು. ಇನ್ನು ಏನಾದರೂ ಸಿಗುತ್ತಾ? ನಾವು ಮೊದಲು ಏನು ಮಾಡಬೇಕು?

ಉತ್ತರ: ಆ ಲ್ಯಾಪ್‌ಟಾಪ್ ಆಫ್ ಆಗಿದ್ದರೆ ಹಾಗೇ ಇರಲಿ. ಆನ್ ಮಾಡಬೇಡಿ, ಬೇರೆಯವರಿಗೆ ಕೊಡಬೇಡಿ, "ನಮ್ಮ ಐಟಿ ಹುಡುಗ ಒಂಚೂರು ನೋಡ್ತಾನೆ" ಅಂತ ಅವನ ಕೈಗೂ ಕೊಡಬೇಡಿ. ಒಂದು ಕವರಿಗೆ ಹಾಕಿ, ಸೀಲ್ ಮಾಡಿ, ತಾರೀಕು ಬರೆದು ಬೀರುವಿನಲ್ಲಿಟ್ಟು ಬೀಗ ಹಾಕಿ. ಉಳಿದದ್ದು ಆಮೇಲೆ. ಇಂಥ ಪ್ರಕರಣಗಳಲ್ಲಿ ಸಾಕ್ಷ್ಯ ಹಾಳಾಗುವುದು ಬರೀ ಕದ್ದವರಿಂದ ಅಲ್ಲ. ಕಂಪನಿಯವರ ಅವಸರದಿಂದಲೂ ಹಾಳಾಗುತ್ತದೆ. ಒಳ್ಳೆಯ ಉದ್ದೇಶದಿಂದಲೇ ಯಾರೋ ಲಾಗಿನ್ ಆಗಿ ನಾಲ್ಕು ಫೋಲ್ಡರ್ ತೆರೆದು ನೋಡುತ್ತಾರೆ. ಅಷ್ಟರಲ್ಲಿ ನೂರಾರು ಫೈಲ್‌ಗಳ ಸಮಯ ಬದಲಾಗಿರುತ್ತದೆ. ಆ ಬದಲಾವಣೆಗಳೆಲ್ಲ ನಿಮ್ಮ ಎಂಜಿನಿಯರ್ ಕೆಲಸ ಬಿಟ್ಟ ಮೇಲಿನ ತಾರೀಕಿನಲ್ಲಿ ಇರುತ್ತವೆ. ಎದುರು ಪಕ್ಷದ ವಕೀಲರಿಗೆ ಇನ್ನೇನು ಬೇಕು?

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಫಾರ್ಮ್ಯಾಟ್ ಆದ ಮೇಲೂ ಸಿಗುತ್ತಾ? ಹಳೆಯ ಹಾರ್ಡ್ ಡಿಸ್ಕ್ ಆಗಿದ್ದರೆ ಸಾಕಷ್ಟು ಸಿಗಬಹುದು. ಬೇಗ ಮುಗಿಯುವ ಮಾಮೂಲಿ ಫಾರ್ಮ್ಯಾಟ್‌ನಲ್ಲಿ ಫೈಲ್‌ಗಳ ಪಟ್ಟಿ ಮಾತ್ರ ಹೋಗುತ್ತದೆ. ಒಳಗಿನ ಮಾಹಿತಿ, ಅದರ ಮೇಲೆ ಬೇರೆಯದು ಬರೆಯುವ ತನಕ, ಅಲ್ಲೇ ಇರುತ್ತದೆ. ಆದರೆ ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಇರುವುದು ಜಾಸ್ತಿ ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಯ ಬದಲು ಚಿಪ್‌ನಲ್ಲಿ ಮಾಹಿತಿ ಇಡುವ ಡ್ರೈವ್. ಅಳಿಸಿದ ಜಾಗ ಇನ್ನು ಬೇಡ ಅಂತ ವಿಂಡೋಸ್ ಡ್ರೈವ್‌ಗೆ ತಿಳಿಸುತ್ತದೆ. ಡ್ರೈವ್ ಅದನ್ನು ತಾನೇ ಒರೆಸಿ ಹಾಕುತ್ತದೆ. ಇದಕ್ಕೆ ಟ್ರಿಮ್ ಅನ್ನುತ್ತಾರೆ. ಕರೆಂಟ್ ಸಿಕ್ಕಿದರೆ ಸಾಕು, ಈ ಒರೆಸುವ ಕೆಲಸ ಮುಂದುವರಿಯಬಹುದು. ಆನ್ ಮಾಡಬೇಡಿ ಅಂದದ್ದಕ್ಕೆ ಇದೂ ಒಂದು ಕಾರಣ. ಡಿಸ್ಕ್‌ನಲ್ಲಿರುವುದನ್ನೆಲ್ಲ ಗೂಢಲಿಪಿಗೆ ತಿರುಗಿಸುವ ವಿಂಡೋಸ್‌ನ ಬಿಟ್‌ಲಾಕರ್ ಹಾಕಿದ ಯಂತ್ರವಾಗಿದ್ದರೆ, ಫಾರ್ಮ್ಯಾಟ್ ಆದ ಮೇಲೆ ಹಳೆಯ ಕೀ ಹೋದ ಹಾಗೆಯೇ. ಉಳಿದ ಚೂರುಗಳೂ ಓದಲು ಬರುವುದಿಲ್ಲ. ಹಾಗಾಗಿ ಅಳಿಸಿದ್ದೆಲ್ಲ ವಾಪಸ್ ತರುತ್ತೇವೆ ಅಂತ ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ.

ಆದರೂ ಕೈಚೆಲ್ಲಬೇಕಿಲ್ಲ. ಲ್ಯಾಪ್‌ಟಾಪ್ ಒಂದೇ ಸಾಕ್ಷಿ ಅಲ್ಲ. ಇದಕ್ಕೆ ಜಗತ್ತೇ ನೋಡಿದ ಉದಾಹರಣೆ ಅಮೆರಿಕದ ವೇಮೋ ಮತ್ತು ಊಬರ್ ಮೊಕದ್ದಮೆ.

ಆಂಥನಿ ಲೆವಂಡೋಸ್ಕಿ ಗೂಗಲ್‌ನ ಚಾಲಕರಹಿತ ಕಾರಿನ ತಂಡದಲ್ಲಿ ದೊಡ್ಡ ಎಂಜಿನಿಯರ್. ಆ ತಂಡವೇ ಮುಂದೆ ವೇಮೋ ಆಯಿತು. ಅವರು 2016ರ ಜನವರಿಯಲ್ಲಿ ಕೆಲಸ ಬಿಟ್ಟು ಓಟೋ ಎಂಬ ಕಂಪನಿ ಕಟ್ಟಿದರು. ಅದೇ ವರ್ಷ ಆಗಸ್ಟ್‌ನಲ್ಲಿ ಊಬರ್ ಅದನ್ನು ಕೊಳ್ಳುವುದಾಗಿ ಹೇಳಿತು. ವರ್ಷದ ಕೊನೆಗೆ ವೇಮೋದ ಒಬ್ಬ ಉದ್ಯೋಗಿಗೆ ಬಿಡಿಭಾಗ ಪೂರೈಸುವ ಕಂಪನಿಯಿಂದ ಒಂದು ಇಮೇಲ್ ಬಂತು. ತಪ್ಪಿ ಬಂದದ್ದು. ಅದರಲ್ಲಿ ಓಟೋದ ಸರ್ಕ್ಯೂಟ್ ಬೋರ್ಡ್ ಚಿತ್ರ ಇತ್ತು. ಅದು ತಮ್ಮದೇ ವಿನ್ಯಾಸವನ್ನು ಹೋಲುತ್ತದೆ ಅಂತ ವೇಮೋಗೆ ಅನ್ನಿಸಿತು. ನಿಮಗೆ ಕೊಟೇಶನ್ ನೋಡಿ ಅನ್ನಿಸಿತಲ್ಲ, ಹಾಗೇ.

ಆಮೇಲೆ ಕಂಪನಿಯ ಫೊರೆನ್ಸಿಕ್ ತಂಡ, ಅಂದರೆ ಕಂಪ್ಯೂಟರ್‌ಗಳಲ್ಲಿ ಸಾಕ್ಷ್ಯ ಹುಡುಕುವವರು, ಹಿಂದಕ್ಕೆ ಹೋಗಿ ನೋಡಿತು. 2017ರ ಫೆಬ್ರವರಿಯಲ್ಲಿ ಹಾಕಿದ ದಾವೆಯಲ್ಲಿ ವೇಮೋ ಹೇಳಿದ್ದು ಇಷ್ಟು. 2015ರ ಡಿಸೆಂಬರ್‌ನಲ್ಲಿ ಲೆವಂಡೋಸ್ಕಿ ತಮ್ಮ ಲ್ಯಾಪ್‌ಟಾಪಿಗೆ ವಿನ್ಯಾಸ ಸರ್ವರ್‌ಗೆ ಸಂಪರ್ಕ ಮಾಡುವ ತಂತ್ರಾಂಶ ಹಾಕಿಕೊಂಡರು. ಅಲ್ಲಿಂದ 14,000ಕ್ಕೂ ಹೆಚ್ಚು ಫೈಲ್, ಒಟ್ಟು 9.7 ಜಿಬಿ ಇಳಿಸಿಕೊಂಡರು. ಕೆಲವು ದಿನಗಳಲ್ಲಿ ಒಂದು ಮೆಮೊರಿ ಕಾರ್ಡ್ ರೀಡರ್ ಸುಮಾರು ಎಂಟು ಗಂಟೆ ಆ ಯಂತ್ರಕ್ಕೆ ಹಾಕಿದ್ದರು. ನಂತರ ಇಡೀ ಲ್ಯಾಪ್‌ಟಾಪ್ ಅಳಿಸಿ ಬೇರೆ ಆಪರೇಟಿಂಗ್ ಸಿಸ್ಟಂ ಹಾಕಿದರು. ಅದನ್ನು ಕೆಲವೇ ನಿಮಿಷ ಬಳಸಿ ಬಿಟ್ಟುಬಿಟ್ಟರು.

ಯಂತ್ರ ಅಳಿಸಿದ ಮೇಲೂ ಈ ಕಥೆ ಹೊರಬಂತು, ಅಲ್ವಾ? ಯಾಕಂದರೆ ಕಂಪನಿಯ ಲಾಗ್‌ಗಳಲ್ಲಿ ಯಾರು ಯಾವಾಗ ಏನು ಇಳಿಸಿದರು ಎಂಬುದು ಉಳಿದಿತ್ತು. ಅಷ್ಟೇ ಅಲ್ಲ. ಇಳಿಸಿದ್ದು, ಕಾರ್ಡ್ ಹಾಕಿದ್ದು, ಅಳಿಸಿದ್ದು, ಕೆಲಸ ಬಿಟ್ಟದ್ದು, ಇವು ಒಂದರ ಹಿಂದೆ ಒಂದು ಬಂದ ರೀತಿಯೇ ದೊಡ್ಡ ಮಾತು ಹೇಳಿತು. ಒಂದೊಂದನ್ನೇ ತೆಗೆದುಕೊಂಡರೆ ಪ್ರತಿಯೊಂದಕ್ಕೂ ಸಮಜಾಯಿಷಿ ಕೊಡಬಹುದು. ಸಾಲಾಗಿ ಇಟ್ಟರೆ ಕಷ್ಟ. ಫೊರೆನ್ಸಿಕ್ ಕೆಲಸದ ಜೀವ ಇರುವುದು ಈ ಸಮಯದ ಸಾಲಿನಲ್ಲಿ.

ನಿಮ್ಮ ಕಂಪನಿಯಲ್ಲಿ ಆ ಸಾಲು ಎಲ್ಲಿ ಸಿಗುತ್ತದೆ? ಡ್ರಾಯಿಂಗ್ ಇಟ್ಟ ಸರ್ವರ್, ಇಮೇಲ್ ಮತ್ತು ಡ್ರೈವ್ ಖಾತೆಯ ಆಡಿಟ್ ಲಾಗ್, ಫೈರ್‌ವಾಲ್, ಆಂಟಿವೈರಸ್‌ನ ಕನ್ಸೋಲ್, ಬಾಗಿಲಿನ ಪಂಚಿಂಗ್ ದಾಖಲೆ. ಅವರು ಬಳಸುತ್ತಿದ್ದ ಬೇರೆ ಡೆಸ್ಕ್‌ಟಾಪ್ ಇದ್ದರೆ ಅದು ಚಿನ್ನ. ಅದನ್ನೂ ಯಾರೂ ಮುಟ್ಟದ ಹಾಗೆ ನೋಡಿಕೊಳ್ಳಿ. ವಿಂಡೋಸ್ ಯಂತ್ರದಲ್ಲಿ ಪೆನ್ ಡ್ರೈವ್ ಹಾಕಿದರೆ ಅದರ ತಯಾರಕರು, ಮಾದರಿ, ಸಾಮಾನ್ಯವಾಗಿ ಸೀರಿಯಲ್ ನಂಬರ್, ಮೊದಲು ಮತ್ತು ಕೊನೆಗೆ ಹಾಕಿದ ಸಮಯ ರಿಜಿಸ್ಟ್ರಿ ಎಂಬ ವಿಂಡೋಸ್‌ನ ಒಳದಾಖಲೆಯಲ್ಲಿ ಉಳಿಯುತ್ತವೆ. ಫೈಲ್ ಕಾಪಿ ಮಾಡಿದ್ದನ್ನು ವಿಂಡೋಸ್ ತಾನಾಗಿ ಎಲ್ಲೂ ಬರೆದಿಡುವುದಿಲ್ಲ. ಇದು ಹಲವರಿಗೆ ಗೊತ್ತಿರುವುದಿಲ್ಲ. ಆದರೆ ಸರಿಯಾಗಿ ಕಾಪಿ ಆಯಿತಾ ಅಂತ ಪೆನ್ ಡ್ರೈವ್‌ನಿಂದಲೇ ಒಂದು ಫೈಲ್ ತೆರೆದು ನೋಡಿದರೆ, ಆ ಫೈಲಿಗೆ ಒಂದು ಶಾರ್ಟ್‌ಕಟ್ ತಾನಾಗಿ ಹುಟ್ಟುತ್ತದೆ. ಅದರಲ್ಲಿ ಫೈಲ್ ಯಾವ ಡ್ರೈವ್‌ನಲ್ಲಿ ಎಲ್ಲಿತ್ತು, ಯಾವಾಗ ತೆರೆದರು ಎಂಬುದು ಇರುತ್ತದೆ. ಕದ್ದವರು ಸಿಕ್ಕಿಬೀಳುವುದು ಬಹಳ ಸಲ ಇಂಥ ಪುಟ್ಟ ಜಾಗದಲ್ಲಿ.

ಇಲ್ಲಿ ಗಡಿಯಾರ ಓಡುತ್ತಿದೆ ಅನ್ನುವುದು ನೆನಪಿರಲಿ. ಗೂಗಲ್ ವರ್ಕ್‌ಸ್ಪೇಸ್‌ನ ಹೆಚ್ಚಿನ ಲಾಗ್‌ಗಳು ಆರು ತಿಂಗಳಷ್ಟೇ ಇರುತ್ತವೆ. ಮೈಕ್ರೋಸಾಫ್ಟ್ 365ರ ಸಾಮಾನ್ಯ ಆಡಿಟ್ ಲಾಗ್ 180 ದಿನ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ ಕೂಡ 2022ರ ಏಪ್ರಿಲ್‌ನಲ್ಲಿ ಕಂಪನಿಗಳು 180 ದಿನದ ಲಾಗ್ ಇಟ್ಟುಕೊಳ್ಳಬೇಕು ಅಂತ ಆದೇಶ ಕೊಟ್ಟಿದೆ. ಕೆಲಸ ಬಿಟ್ಟವರ ಖಾತೆಯನ್ನು ಲೈಸೆನ್ಸ್ ಉಳಿಸಲು ಕೂಡಲೇ ಡಿಲೀಟ್ ಮಾಡುವ ಅಭ್ಯಾಸ ಬಹಳ ಕಡೆ ಇದೆ. ವರ್ಕ್‌ಸ್ಪೇಸ್‌ನಲ್ಲಿ ಹಾಗೆ ಅಳಿಸಿದ ಖಾತೆಯನ್ನು 20 ದಿನದೊಳಗೆ ಮಾತ್ರ ವಾಪಸ್ ತರಬಹುದು. ಅಮಾನತಿನಲ್ಲಿಡಿ, ಅಳಿಸಬೇಡಿ.

ಮುಂದಿನ ಕೆಲಸ ತಜ್ಞರದ್ದು. ಅವರು ಡಿಸ್ಕ್‌ಗೆ ಏನೂ ಬರೆಯದಂತೆ ತಡೆಯುವ ಉಪಕರಣ ಹಾಕಿ ಅದರ ಪೂರ್ತಿ ಪ್ರತಿ ತೆಗೆಯುತ್ತಾರೆ. ಖಾಲಿ ಕಾಣುವ ಜಾಗವೂ ಅದರಲ್ಲಿ ಬರುತ್ತದೆ. ಜೊತೆಗೆ ಹ್ಯಾಶ್ ಲೆಕ್ಕ ಹಾಕುತ್ತಾರೆ. ಹ್ಯಾಶ್ ಅಂದರೆ ಒಳಗಿನ ಮಾಹಿತಿಯಿಂದಲೇ ಲೆಕ್ಕ ಹಾಕಿ ತೆಗೆದ ಒಂದು ಸಂಕೇತ, ಲಕ್ಕೋಟೆಯ ಮೇಲಿನ ಅರಗಿನ ಮುದ್ರೆ ಇದ್ದ ಹಾಗೆ. ಒಳಗೆ ಒಂದು ಅಕ್ಷರ ಬದಲಾದರೂ ಅದು ಹೊಂದುವುದಿಲ್ಲ. ಪರೀಕ್ಷೆಯೆಲ್ಲ ಪ್ರತಿಯ ಮೇಲೆ ನಡೆಯುತ್ತದೆ, ಮೂಲ ಮತ್ತೆ ಸೀಲ್ ಆಗುತ್ತದೆ. ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದನ್ನು ಸಹಿ ಸಮೇತ ಬರೆದಿಡಬೇಕು.

ಇದು ಸುಮ್ನೆ ಶಿಸ್ತಿಗೆ ಅಲ್ಲ. 2020ರಲ್ಲಿ ಅರ್ಜುನ್ ಪಂಡಿತರಾವ್ ಖೋಟ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಡಿಜಿಟಲ್ ದಾಖಲೆಯ ಪ್ರತಿಯನ್ನು ಸಾಕ್ಷ್ಯವಾಗಿ ಒಪ್ಪಬೇಕಾದರೆ ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಕಲಂನ ಪ್ರಮಾಣಪತ್ರ ಬೇಕೇ ಬೇಕು ಅಂದಿತು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಆ ಜಾಗಕ್ಕೆ ಬಂದಿದೆ. ಈಗಿನ ಪ್ರಮಾಣಪತ್ರಕ್ಕೆ ಎರಡು ಭಾಗ. ಒಂದಕ್ಕೆ ದಾಖಲೆ ಒದಗಿಸುವವರು, ಇನ್ನೊಂದಕ್ಕೆ ತಜ್ಞರು ಸಹಿ ಹಾಕಬೇಕು. ಹ್ಯಾಶ್ ಅನ್ನೂ ಬರೆಯಬೇಕು. ಪ್ರತಿ ತೆಗೆದ ದಿನವೇ ಹ್ಯಾಶ್ ಮಾಡಿರದಿದ್ದರೆ ಆಮೇಲೆ ಪರದಾಟ.

ಕಾನೂನಿನ ಬಗ್ಗೆ ಇಷ್ಟು ತಿಳಿದಿರಲಿ. ವ್ಯಾಪಾರದ ಗುಟ್ಟು ಕಾಪಾಡಲು ನಮ್ಮಲ್ಲಿ ಬೇರೆಯೇ ಒಂದು ಕಾಯ್ದೆ ಇಲ್ಲ. ಹಾಗೊಂದು ಕಾಯ್ದೆ ಬೇಕು ಅಂತ ಕಾನೂನು ಆಯೋಗ 2024ರಲ್ಲಿ ತನ್ನ 289ನೇ ವರದಿಯಲ್ಲಿ ಶಿಫಾರಸು ಮಾಡಿದೆ. ಸದ್ಯಕ್ಕೆ ನಿಮ್ಮ ಕೈಯಲ್ಲಿರುವುದು ಗೋಪ್ಯತೆಯ ಕರಾರು ಮತ್ತು ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆ. ಅನುಮತಿ ಇಲ್ಲದೆ ಮಾಹಿತಿ ಇಳಿಸಿಕೊಳ್ಳುವುದು, ನಕಲು ಮಾಡುವುದು 43ನೇ ಕಲಂಗೆ ಬರುತ್ತದೆ. ಅಪ್ರಾಮಾಣಿಕವಾಗಿ ಮಾಡಿದ್ದರೆ 66ನೇ ಕಲಂ ಪ್ರಕಾರ ಮೂರು ವರ್ಷದ ತನಕ ಜೈಲು, 5 ಲಕ್ಷದ ತನಕ ದಂಡ, ಅಥವಾ ಎರಡೂ. ದೂರು ಕೊಡುವುದಾದರೆ ನಿಮ್ಮ ವ್ಯಾಪ್ತಿಯ ಸೈಬರ್ ಅಪರಾಧ (ಸೆನ್) ಪೊಲೀಸ್ ಠಾಣೆ ಇದೆ. ಸಿವಿಲ್ ದಾವೆಯಲ್ಲಿ ನ್ಯಾಯಾಲಯ ಕಮಿಷನರ್ ಒಬ್ಬರನ್ನು ನೇಮಿಸಿ ಎದುರು ಕಂಪನಿಯ ಕಂಪ್ಯೂಟರ್‌ಗಳನ್ನು ಪರಿಶೀಲಿಸಲು ಹೇಳಬಹುದು. ಒಬ್ಬ ವಕೀಲರ ಜೊತೆ ಈಗಲೇ ಮಾತಾಡಿ.

ಒಂದು ಎಚ್ಚರಿಕೆ. ಆ ಎಂಜಿನಿಯರ್ ಬಳಸುತ್ತಿದ್ದ ಯಾವುದೋ ಯಂತ್ರದ ಬ್ರೌಸರ್‌ನಲ್ಲಿ ಅವರ ಸ್ವಂತ ಜಿಮೇಲ್ ಪಾಸ್‌ವರ್ಡ್ ಉಳಿದಿರಬಹುದು. ತೆರೆಯಬೇಡಿ. ಕಂಪನಿಯ ಯಂತ್ರ ನಿಮ್ಮದು, ಅವರ ಖಾತೆ ನಿಮ್ಮದಲ್ಲ. ತೆರೆದರೆ ಅದೇ ಐಟಿ ಕಾಯ್ದೆ ನಿಮ್ಮ ಮೇಲೆ ತಿರುಗುತ್ತದೆ. ಮೇಲಾಗಿ ಅವರು ತಪ್ಪೇ ಮಾಡಿಲ್ಲದೆಯೂ ಇರಬಹುದು. ಮನೆಯ ಫೋಟೋ, ಸಂಬಳದ ಸ್ಲಿಪ್ ತೆಗೆದುಕೊಳ್ಳಲು ಪೆನ್ ಡ್ರೈವ್ ಹಾಕುವವರು ಎಷ್ಟೋ ಜನ. ಇಪ್ಪತ್ತು ವರ್ಷದ ಅನುಭವ ತಲೆಯಲ್ಲಿರುವವರು ಅಂಥದ್ದೇ ಡ್ರಾಯಿಂಗ್ ಹೊಸದಾಗಿ ಬರೆಯಬಲ್ಲರು. ಅದು ಕಳ್ಳತನ ಅಲ್ಲ. ಕೆಲಸ ಬಿಟ್ಟವರು ಪೈಪೋಟಿ ಕಂಪನಿ ಸೇರಬಾರದು ಅನ್ನುವ ಕರಾರು ಕೂಡ ಕರಾರು ಕಾಯ್ದೆಯ 27ನೇ ಕಲಂ ಮುಂದೆ ನಿಲ್ಲುವುದಿಲ್ಲ.

ವೇಮೋ ಪ್ರಕರಣದಲ್ಲೂ ಇದೇ ತೊಡಕು ಬಂತು. ಇಳಿಸಿಕೊಂಡದ್ದು ಒಂದು ಮಾತು. ಅದು ಊಬರ್ ಕೈ ಸೇರಿ ಬಳಕೆಯಾಯಿತಾ ಅನ್ನುವುದು ಇನ್ನೊಂದು. ಊಬರ್ ಒಪ್ಪಲಿಲ್ಲ. ವಿಚಾರಣೆ ಶುರುವಾದ ಐದನೇ ದಿನ, 2018ರ ಫೆಬ್ರವರಿ 9ರಂದು ರಾಜಿಯಾಯಿತು. ಊಬರ್ ತನ್ನ ಶೇ 0.34ರಷ್ಟು ಷೇರು ಕೊಟ್ಟಿತು. ಆಗಿನ ಲೆಕ್ಕಕ್ಕೆ ಸುಮಾರು 24.5 ಕೋಟಿ ಡಾಲರ್. ಲೆವಂಡೋಸ್ಕಿ ಮೇಲೆ 2019ರಲ್ಲಿ 33 ಆರೋಪಗಳ ಕ್ರಿಮಿನಲ್ ಮೊಕದ್ದಮೆ ಬಿತ್ತು. ಕೊನೆಗೆ ತಪ್ಪೊಪ್ಪಿಗೆ ಆದದ್ದು ಒಂದೇ ಆರೋಪಕ್ಕೆ, ಕೆಲಸದ ಪ್ರಗತಿ ಬರೆದಿಟ್ಟ ಒಂದು ಫೈಲಿನ ವಿಷಯದಲ್ಲಿ. 2020ರ ಆಗಸ್ಟ್‌ನಲ್ಲಿ 18 ತಿಂಗಳ ಶಿಕ್ಷೆಯಾಯಿತು. ಜೈಲಿಗೆ ಹೋಗುವ ಮೊದಲೇ, 2021ರ ಜನವರಿಯಲ್ಲಿ, ಅಧ್ಯಕ್ಷ ಟ್ರಂಪ್ ಕ್ಷಮಾದಾನ ಕೊಟ್ಟರು.

ಹಾಗಾಗಿ ಫೊರೆನ್ಸಿಕ್ ವರದಿಯಿಂದ ಏನು ನಿರೀಕ್ಷಿಸಬೇಕು ಅನ್ನುವುದು ಮೊದಲೇ ಸ್ಪಷ್ಟವಿರಲಿ. ಯಾವ ಖಾತೆಯಿಂದ, ಯಾವ ದಿನ, ಯಾವ ಫೈಲ್ ಎಲ್ಲಿಗೆ ಹೋಯಿತು ಎಂಬುದನ್ನು ಅದು ಹೇಳಬಲ್ಲದು. ಆ ಫೈಲ್ ನಿಜಕ್ಕೂ ನಿಮ್ಮ ಗುಟ್ಟು, ಅದನ್ನು ನೀವು ಗುಟ್ಟಾಗಿಯೇ ಕಾಪಾಡಿದ್ದಿರಿ ಅಂತ ತೋರಿಸುವುದು ನಿಮ್ಮ ಹೊಣೆ. ಡ್ರಾಯಿಂಗ್ ಫೋಲ್ಡರ್ ಇಡೀ ಆಫೀಸಿಗೆ ತೆರೆದಿದ್ದರೆ, ಎಲ್ಲರೂ ಒಂದೇ ಪಾಸ್‌ವರ್ಡ್ ಬಳಸುತ್ತಿದ್ದರೆ, ಎಂಥ ತಜ್ಞರಿಗೂ ಯಾರು ಅಂತ ಹೇಳಲು ಬರುವುದಿಲ್ಲ. ತಜ್ಞರು ಬರುವುದರೊಳಗೆ ಆ ಫೋಲ್ಡರ್ ತೆರೆಯುವ ಅನುಮತಿ ಯಾರ್ಯಾರಿಗೆ ಇತ್ತು, ಎಂದಿನಿಂದ ಇತ್ತು ಎಂಬ ಪಟ್ಟಿ ತೆಗೆದಿಡಿ. ಎಂಜಿನಿಯರ್ ಸಹಿ ಹಾಕಿದ ಕರಾರಿನ ಮೂಲ ಪ್ರತಿಯನ್ನೂ ಹುಡುಕಿಡಿ. ತಜ್ಞರು ಮೊದಲು ಕೇಳುವ ಕಾಗದಗಳು ಇವೇ.