ಆಯ್ತು, ಮಾಡಿಸಿದೆ, ಮಾಡಿಸಿದರು

ನಾನು ಕಥೋಲಿಕ ಗುರು, ಪಾದ್ರಿ. ಪಾಪನಿವೇದನೆಯಲ್ಲಿ, ಅಂದರೆ ಜನ ಗುರುವಿನ ಮುಂದೆ ಗುಟ್ಟಾಗಿ ಪಾಪ ಒಪ್ಪಿಕೊಳ್ಳುವಾಗ, ಕೇಳಿದ್ದು ನನ್ನ ಜೊತೆ ಮಣ್ಣಿಗೆ ಹೋಗಬೇಕಾದದ್ದು. ಇಲ್ಲಿ ಗರ್ಭಪಾತದ ಬಗ್ಗೆ ಬರೆಯುತ್ತಿರುವುದೆಲ್ಲ ಅದರ ಹೊರಗೆ, ಗುರುಮನೆಯ ಜಗಲಿಯಲ್ಲೋ ಆಪ್ತಸಲಹೆಯ ಕೋಣೆಯಲ್ಲೋ ಕೇಳಿದ್ದು. ಬರೆಯಿರಿ ಎಂದು ಒಪ್ಪಿಗೆ ಕೊಟ್ಟವರದ್ದನ್ನು ಮಾತ್ರ, ಗುರುತು ಸಿಗದಂತೆ ವಿವರ ಬದಲಿಸಿ ಬರೆಯುತ್ತಿದ್ದೇನೆ.

ನಮ್ಮ ಕರಾವಳಿಯಲ್ಲಿ ಮನೆಯೊಳಗೆ ಕೊಂಕಣಿ ಆಡುವವರಾಗಲಿ, ತುಳು ಕನ್ನಡ ಆಡುವವರಾಗಲಿ, ಎಲ್ಲರೂ ಬಳಸುವುದು ‘ಅಬಾರ್ಷನ್’ ಎಂಬ ಒಂದೇ ಪದ. ಮೂರನೇ ತಿಂಗಳಲ್ಲಿ ಗರ್ಭ ತಾನಾಗಿ ಜಾರಿದರೂ ಅಬಾರ್ಷನ್, ಆಸ್ಪತ್ರೆಗೆ ಹೋಗಿ ತೆಗೆಸಿಕೊಂಡರೂ ಅಬಾರ್ಷನ್. ಹಾಗಾಗಿ ಯಾರಾದರೂ ಆ ಪದ ಎತ್ತಿದ ಕೂಡಲೇ ನಾನು ಉಪದೇಶಕ್ಕೆ ಇಳಿಯುವುದಿಲ್ಲ. ಅವರು ಬಳಸುವ ಕ್ರಿಯಾಪದಕ್ಕೆ ಕಿವಿಗೊಡುತ್ತೇನೆ. ‘ಆಯ್ತು’ ಅಂದರಾ, ‘ಮಾಡಿಸಿದೆ’ ಅಂದರಾ, ‘ಮಾಡಿಸಿದರು’ ಅಂದರಾ? ಧರ್ಮಸಭೆಯ ಕಾನೂನು ಓದಿ, ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕುಟುಂಬಗಳ ಜೊತೆ ಕೂತು ಮಾತಾಡಿದ ಮೇಲೆ ನನಗೆ ಅನಿಸಿರುವುದಿಷ್ಟು: ಈ ಮೂರು ಕ್ರಿಯಾಪದಗಳ ವ್ಯತ್ಯಾಸ ತಿಳಿಯದ ಗುರು ಕಥೋಲಿಕ ಧರ್ಮಸಭೆಯ ಬೋಧನೆಯನ್ನು ಅರ್ಧ ಮಾತ್ರ ಹೇಳುತ್ತಾನೆ. ಆ ಅರ್ಧವೂ ಸಾಮಾನ್ಯವಾಗಿ ಹೋಗಿ ಬಡಿಯುವುದು ಒಬ್ಬ ಹೆಂಗಸಿನ ಮೇಲೆ.

‘ಆಯ್ತು’ ಎನ್ನುವವರಿಗೆ ಹೇಳಬೇಕಾದ್ದು ಬಹಳ ಸರಳ. ಅದು ಪಾಪವಲ್ಲ. ಬಸ್ಸಿನಲ್ಲಿ ಹೋದದ್ದು, ಕೊಡಪಾನ ಎತ್ತಿದ್ದು, ಹಬ್ಬದ ದಿನ ಹೆಚ್ಚು ಹೊತ್ತು ನಿಂತದ್ದು ಯಾವುದೂ ಪಾಪವಲ್ಲ. ಆದರೂ ಇದನ್ನೇ ವರ್ಷಗಟ್ಟಲೆ ಹೊತ್ತು ತಿರುಗುವ ತಾಯಂದಿರನ್ನು ಕಂಡಿದ್ದೇನೆ. ಅವರಿಗೆ ಬೇಕಾದದ್ದು ಕ್ಷಮೆಯಲ್ಲ, ಸಾಂತ್ವನ. ಸ್ನಾನದೀಕ್ಷೆಗೆ (ಬ್ಯಾಪ್ಟಿಸಂ) ಮೊದಲೇ ತೀರಿಕೊಂಡ ಮಕ್ಕಳನ್ನು ದೇವರ ಕರುಣೆಗೆ ಒಪ್ಪಿಸುವಂತೆ ಧರ್ಮಸಭೆಯ ಧರ್ಮೋಪದೇಶ ಗ್ರಂಥ (ಕ್ಯಾಟೆಕಿಸಂ) ಹೇಳುತ್ತದೆ. ತಂದೆತಾಯಿ ಸ್ನಾನದೀಕ್ಷೆ ಕೊಡಿಸಬೇಕೆಂದಿದ್ದ ಮಗುವಾದರೆ, ಧರ್ಮಾಧ್ಯಕ್ಷರ (ಬಿಷಪ್) ಅನುಮತಿಯಿಂದ ಶವಸಂಸ್ಕಾರದ ವಿಧಿಯನ್ನೂ ನಡೆಸಬಹುದು. ಇದು ನಮ್ಮ ಜನರಲ್ಲಿ ಅನೇಕರಿಗೆ ಗೊತ್ತೇ ಇಲ್ಲ.

‘ಮಾಡಿಸಿದೆ’ ಎಂಬಲ್ಲಿ ಬೋಧನೆ ಸ್ಪಷ್ಟ. ಅದನ್ನು ಮೆತ್ತಗೆ ಮಾಡಿ ಹೇಳುವ ಹಕ್ಕು ನನಗಿಲ್ಲ, ಇಷ್ಟವೂ ಇಲ್ಲ. ಗರ್ಭಧಾರಣೆಯ ಕ್ಷಣದಿಂದಲೇ ಮನುಷ್ಯ ಜೀವವನ್ನು ಸಂಪೂರ್ಣವಾಗಿ ಗೌರವಿಸಿ ರಕ್ಷಿಸಬೇಕು, ಅದನ್ನು ಉದ್ದೇಶಪೂರ್ವಕವಾಗಿ ಕೊನೆಗಾಣಿಸುವುದು ಗಂಭೀರ ಪಾಪ. ‘ದಿದಾಖೆ’ ಎಂಬ ಪುಟ್ಟ ಬೋಧನಾ ಗ್ರಂಥ ಕ್ರೈಸ್ತರ ಮೊದಲ ತಲೆಮಾರುಗಳ ಕಾಲದ್ದು. ಅದರಲ್ಲೇ ಈ ನಿಷೇಧವಿದೆ. ನಡುವೆ ಧರ್ಮಸಭೆ ಮಾತು ಬದಲಿಸಿತಲ್ಲವೇ ಎಂದು ಓದಿಕೊಂಡ ಯುವಕರು ಕೇಳುತ್ತಾರೆ. ಬದಲಾದದ್ದು ಶಿಕ್ಷೆಯ ಅಳತೆ. ಭ್ರೂಣಕ್ಕೆ ಆತ್ಮ ಯಾವಾಗ ಬರುತ್ತದೆ ಎಂದು ಸಂತ ಥೋಮಸ್ ಅಕ್ವಿನಾಸರ ಕಾಲದಲ್ಲಿ ಚರ್ಚೆಯಿತ್ತು. 1588ರಲ್ಲಿ ಪೋಪ್ ಐದನೇ ಸಿಕ್ಸ್‌ಟಸ್ ಯಾವ ಹಂತದ ಗರ್ಭಪಾತಕ್ಕೂ ಕಠಿಣ ದಂಡನೆ ಎಂದರು, 1591ರಲ್ಲಿ ಹದಿನಾಲ್ಕನೇ ಗ್ರೆಗರಿ ಅದನ್ನು ಸಡಿಲಿಸಿದರು, 1869ರಲ್ಲಿ ಒಂಬತ್ತನೇ ಪಯಸ್ ಹಂತಗಳ ಭೇದವನ್ನೇ ತೆಗೆದುಹಾಕಿದರು. ಈ ಏರಿಳಿತದಲ್ಲಿ ಯಾವತ್ತೂ ಆ ಕೃತ್ಯ ಸರಿ ಎಂದು ಹೇಳಿದ್ದಿಲ್ಲ.

ತಾಯಿಯ ಪ್ರಾಣಕ್ಕೆ ಕುತ್ತು ಬಂದರೂ ಚಿಕಿತ್ಸೆ ಕೊಡಬಾರದೆನ್ನುತ್ತದೆ ಧರ್ಮಸಭೆ ಎಂದು ನಂಬಿದ ನರ್ಸ್‌ಗಳೂ ಇದ್ದಾರೆ. ಅದು ತಪ್ಪು. ಬಸುರಿಯ ಗರ್ಭಕೋಶಕ್ಕೆ ಕ್ಯಾನ್ಸರ್ ಬಂದರೆ ಗರ್ಭಕೋಶ ತೆಗೆಯಬಹುದು. ಭ್ರೂಣ ಗರ್ಭನಾಳದಲ್ಲಿ ನಿಂತು ನಾಳ ಒಡೆಯುವ ಸ್ಥಿತಿಯಿದ್ದರೆ ಕೆಟ್ಟ ನಾಳವನ್ನು ತೆಗೆಯಬಹುದು. ಅಲ್ಲಿ ಮಾಡುತ್ತಿರುವುದು ರೋಗಕ್ಕೆ ಚಿಕಿತ್ಸೆ. ಮಗುವಿನ ಸಾವು ಮುಂಗಂಡ ಪರಿಣಾಮ, ಬಯಸಿದ ಗುರಿಯಲ್ಲ. ಇಂಥ ಸಂದರ್ಭದಲ್ಲಿ ‘ಗುರುಗಳನ್ನು ಕೇಳಿ ಬರುತ್ತೇವೆ’ ಎಂದು ಮನೆಯವರು ಹೊತ್ತು ಕಳೆದರೆ ಎರಡು ಜೀವಕ್ಕೂ ಅಪಾಯ. ಮೊದಲು ಡಾಕ್ಟರು ಕೆಲಸ ಮಾಡಲಿ.

ಅತ್ಯಾಚಾರದಿಂದ ಬಸುರಾದಳೆಂದರೂ ಧರ್ಮಸಭೆ ವಿನಾಯಿತಿ ಕೊಡುವುದಿಲ್ಲ. ಮಗು ತಪ್ಪು ಮಾಡಿಲ್ಲ ಎನ್ನುವುದೇ ಕಾರಣ. ಆ ಕಾರಣವನ್ನು ನಾನು ನಂಬುತ್ತೇನೆ. ಆದರೆ ಅಂಥ ಹುಡುಗಿಯ ಎದುರು ಕೂತಾಗ ಆ ವಾಕ್ಯವನ್ನು ಮೊದಲು ಹೇಳಿದವನಿಗೆ ಗುರುವಾಗುವ ಯೋಗ್ಯತೆ ಇಲ್ಲವೆಂದೂ ನಂಬುತ್ತೇನೆ. ಅವಳು ಮೊದಲು ಊಟ ಮಾಡಬೇಕು, ಮಲಗಬೇಕು, ಅವಳ ಮಾತನ್ನು ಯಾರಾದರೂ ನಂಬಬೇಕು.

ಇನ್ನು ‘ಮಾಡಿಸಿದರು’. ಇಲ್ಲಿ ನಾನೇ ಮಾಡಿದ ತಪ್ಪೊಂದನ್ನು ಹೇಳಬೇಕು.

ಗುರುದೀಕ್ಷೆಯಾಗಿ ಎರಡೋ ಮೂರೋ ವರ್ಷವಾಗಿತ್ತು. ಡಿಸೆಂಬರ್ 28, ಬೆತ್ಲೆಹೇಮಿನ ನಿರಪರಾಧಿ ಶಿಶುಗಳ ಹಬ್ಬ. ಶಿಶು ಯೇಸುವನ್ನು ಮುಗಿಸಲೆಂದು ರಾಜ ಹೆರೋದನು ಕೊಲ್ಲಿಸಿದ ಕೂಸುಗಳ ವಾಚನವಾದ ಮೇಲೆ ಆವೇಶದಿಂದ ಪ್ರಸಂಗ ಮಾಡಿದೆ: ಇಂದಿನ ಹೆರೋದರು ಹೆತ್ತ ತಾಯಂದಿರೇ ಎಂದುಬಿಟ್ಟೆ. ಹೆಂಗಸರ ಸಾಲಿನ ಕೊನೆಯ ಬೆಂಚಿನಿಂದ ಒಬ್ಬರು ಎದ್ದರು. ತಲೆಯ ಮೇಲಿನ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದರು. ಚಪ್ಪಲಿ ಕೈಯಲ್ಲಿತ್ತು, ಸದ್ದಾಗಬಾರದೆಂದು. ಪಕ್ಕದ ಬಾಗಿಲಿನಿಂದ ಹೊರಗೆ ಹೋದರು. ನಾನು ಪ್ರಸಂಗ ಮುಂದುವರಿಸಿದೆ.

ಆ ರಾತ್ರಿ ಬೈಬಲಿನಲ್ಲಿ ಮತ್ತಾಯನ ಶುಭಸಂದೇಶದ ಎರಡನೇ ಅಧ್ಯಾಯವನ್ನು ಮತ್ತೆ ತೆರೆದಾಗ ಕಂಡದ್ದು ಮತ್ತೊಂದೇ ಕತೆ. ಅಲ್ಲಿ ತಾಯಂದಿರು ಕೊಲ್ಲುವವರಲ್ಲ, ಅಳುವವರು. ಮಕ್ಕಳನ್ನು ಕಳೆದುಕೊಂಡು ಸಮಾಧಾನ ಒಲ್ಲೆನೆಂದು ಗೋಳಿಡುವ ರಾಖೇಲಳ ಸಾಲು ಅಲ್ಲೇ ಇದೆ. ಹೆರೋದ ಅಧಿಕಾರವಿದ್ದವನು, ಅಪ್ಪಣೆ ಕೊಟ್ಟವನು. ಸಾವಿರ ಸಲ ಓದಿದ ಪುಟದಲ್ಲಿ ಅಳುವವಳನ್ನು ಎಬ್ಬಿಸಿ ಅಪ್ಪಣೆ ಕೊಟ್ಟವನ ಕುರ್ಚಿಯಲ್ಲಿ ಕೂರಿಸಿದ್ದೆ.

ಆ ಹೆಂಗಸು ಗುರುಮನೆಗೆ ಬಂದದ್ದು ಮೂರು ವಾರ ಕಳೆದ ಮೇಲೆ. ಅವರ ಮಾತು ಶುರುವಾದದ್ದೇ ‘ಮಾಡಿಸಿದರು’ ಎಂದು. ಎರಡು ಹೆಣ್ಣುಮಕ್ಕಳಾದ ಮೇಲೆ ಮೂರನೆಯದು ನಿಂತಿತ್ತು. ಗಂಡನಿಗೆ ಕೊಲ್ಲಿಯ ಕೆಲಸ ಹೋಗಿತ್ತು. ‘ಈಗ ಬೇಡ’ ಎಂದು ಗಂಡ ಒಂದೇ ಮಾತು ಹೇಳಿ ಹೊರಗೆ ಹೋದರು, ಅತ್ತೆ ರಿಕ್ಷಾ ಕರೆಸಿದರು. ಫಾರಂಗೆ ಸಹಿ ಹಾಕಿದ್ದು ಮಾತ್ರ ಇವರು. ಅಂದಿನಿಂದ ಹದಿನಾರು ವರ್ಷ ಪರಮಪ್ರಸಾದ, ಅಂದರೆ ಪೂಜೆಯಲ್ಲಿ ಹಂಚುವ ಪವಿತ್ರ ರೊಟ್ಟಿ, ಸ್ವೀಕರಿಸಿರಲಿಲ್ಲ. ಅದನ್ನು ಪಡೆಯಲು ಸಾಲು ಏಳುವ ಹೊತ್ತಿಗೆ ಹೊರಗೆ ಹೋಗಿ ಬಾವಿಕಟ್ಟೆಯ ಬಳಿ ನಿಲ್ಲುತ್ತಿದ್ದರು. ಗಂಡ ಪ್ರತಿ ಭಾನುವಾರ ಸಾಲಿನಲ್ಲಿ ನಿಲ್ಲುತ್ತಿದ್ದರು. ಅತ್ತೆಯ ಶವಸಂಸ್ಕಾರಕ್ಕೆ ಐದು ಮಂದಿ ಗುರುಗಳು ಬಂದಿದ್ದರು.

ಇವರಿಗೆ ಬಹಿಷ್ಕಾರವಾಗಿದೆ, ಅಂದರೆ ಧರ್ಮಸಭೆಯ ಸಂಸ್ಕಾರಗಳಿಂದ ಹೊರಗಿಟ್ಟಿದ್ದಾರೆ, ಎಂದು ಯಾರೋ ಹೇಳಿದ್ದರಂತೆ. ಕಾನೂನು ನಿಜವಾಗಿ ಹೇಳುವುದೇನು? ಧರ್ಮಸಭೆಯ 1983ರ ಕಾನೂನು ಸಂಹಿತೆಯಲ್ಲಿ 1398ನೇ ನಿಯಮ, 2021ರ ಡಿಸೆಂಬರ್ 8ರಿಂದ 1397ನೇ ನಿಯಮದ ಎರಡನೇ ಉಪನಿಯಮ: ಗರ್ಭಪಾತ ಮಾಡಿಸಿ ಅದು ನೆರವೇರಿದರೆ, ತೀರ್ಪಿಲ್ಲದೆ ತನ್ನಿಂತಾನೇ ತಗಲುವ ಬಹಿಷ್ಕಾರ. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಅದೇ ಪುಸ್ತಕದ ಕೆಲವು ಪುಟ ಹಿಂದಕ್ಕೆ ಹೋದರೆ 1323, 1324ನೇ ನಿಯಮಗಳಿವೆ. ಹದಿನಾರು ತುಂಬದವರಿಗೆ ದಂಡನೆಯೇ ಇಲ್ಲ. ಹದಿನೆಂಟು ತುಂಬದವರಿಗೆ, ತೀವ್ರ ಭಯಕ್ಕೆ ಒಳಗಾಗಿ ಮಾಡಿದವರಿಗೆ, ಇಂಥ ದಂಡನೆಯಿದೆ ಎಂಬುದು ತನ್ನ ತಪ್ಪಿಲ್ಲದೆ ಗೊತ್ತಿಲ್ಲದಿದ್ದವರಿಗೆ ತನ್ನಿಂತಾನೇ ತಗಲುವ ದಂಡನೆ ತಗಲುವುದಿಲ್ಲ. ಆ ತಾಯಿಗೆ ದಂಡನೆಯ ಸುದ್ದಿ ತಿಳಿದದ್ದು ಎಲ್ಲ ಮುಗಿದ ಮೇಲೆ. ಯಾವ ಬಹಿಷ್ಕಾರವೂ ತಗಲದ ಹೆಂಗಸು ಹದಿನಾರು ವರ್ಷ ಬಾವಿಕಟ್ಟೆಯ ಬಳಿ ನಿಂತರು. ಪಾಪದ ಭಾರ ಅವರ ಮನಸ್ಸಿನಲ್ಲಿ ಇತ್ತು, ನಿಜ. ಅದಕ್ಕೆ ಪಾಪನಿವೇದನೆಯ ಸಂಸ್ಕಾರವಿತ್ತು. ಹೋಗಿ ಎಂದು ಯಾರೂ ಹೇಳಿರಲಿಲ್ಲ.

ಮತ್ತೊಂದು ನಿಯಮ 1329. ಯಾರು ಇಲ್ಲದಿದ್ದರೆ ಆ ಕೃತ್ಯ ನಡೆಯುತ್ತಿರಲಿಲ್ಲವೋ ಆ ಪಾಲುದಾರರಿಗೂ ಅದೇ ದಂಡನೆ ಎನ್ನುತ್ತದೆ. ಸಹಕರಿಸಿದ ಗಂಡಸು ಮುಂದೆಂದಾದರೂ ಗುರುದೀಕ್ಷೆ ಬಯಸಿದರೆ, 1041ನೇ ನಿಯಮದ ಪ್ರಕಾರ ಅದೊಂದು ಅಡ್ಡಿ, ವಿಶೇಷ ವಿನಾಯಿತಿ ಬೇಕು. ಪೋಪ್ ಎರಡನೇ ಜಾನ್ ಪೌಲರು 1995ರ ಮಾರ್ಚ್ 25ರಂದು, ಮರಿಯಳಿಗೆ ಗರ್ಭಧಾರಣೆಯ ಸುದ್ದಿ ತಂದ ಗಬ್ರಿಯೇಲನ ಮಂಗಳವಾರ್ತೆಯ ಹಬ್ಬದ ದಿನವೇ, ಹೊರಡಿಸಿದ ‘ಇವಾಂಜೆಲಿಯುಂ ವೀಟೆ’ ಪತ್ರದಲ್ಲಿ ಹೆಣ್ಣನ್ನು ನೇರವಾಗಿ ಒತ್ತಾಯಿಸಿದ ಮಗುವಿನ ತಂದೆಯನ್ನು, ಕಷ್ಟಕಾಲದಲ್ಲಿ ಅವಳೊಬ್ಬಳನ್ನೇ ಬಿಟ್ಟುಹೋದವನನ್ನು, ಬಂಧುಬಳಗವನ್ನು ಬಿಡಿಬಿಡಿಯಾಗಿ ಹೆಸರಿಸಿದ್ದಾರೆ. ಅದೇ ಪತ್ರದ 99ನೇ ಭಾಗದಲ್ಲಿ ಗರ್ಭಪಾತ ಮಾಡಿಸಿಕೊಂಡ ಹೆಂಗಸರನ್ನೇ ಉದ್ದೇಶಿಸಿ, ಎದೆಗುಂದಬೇಡಿ, ಭರವಸೆ ಬಿಡಬೇಡಿ, ಕರುಣಾಮಯಿ ತಂದೆ ಕ್ಷಮಿಸಲು ಕಾದಿದ್ದಾನೆ ಎಂಬ ಅರ್ಥದ ಮಾತಿದೆ. ನಮ್ಮ ಪ್ರಸಂಗಪೀಠಗಳಿಂದ ಈ ಭಾಗ ಎಷ್ಟು ಸಲ ಕೇಳಿಬಂದಿದೆ?

ಪಾಪನಿವೇದನೆಗೆ ಹೋದರೆ ಗುರು ‘ಇದು ನನ್ನ ಕೈಯಲ್ಲಿಲ್ಲ, ಧರ್ಮಾಧ್ಯಕ್ಷರನ್ನು ಕೇಳಬೇಕು’ ಅಂದಾರು ಎಂಬ ಹೆದರಿಕೆ ಈಗಲೂ ಇದೆ. ಹಿಂದೆ ಅನೇಕ ಕಡೆ ಹಾಗಿತ್ತು. ಕೆಲವು ಧರ್ಮಾಧ್ಯಕ್ಷರು ತಮ್ಮ ಗುರುಗಳಿಗೆ ಆ ಅಧಿಕಾರ ಮೊದಲೇ ಕೊಟ್ಟಿದ್ದರು. ಕರುಣೆಯ ಜ್ಯೂಬಿಲಿ ವರ್ಷಕ್ಕೆಂದು ಪೋಪ್ ಫ್ರಾನ್ಸಿಸ್ ಎಲ್ಲ ಗುರುಗಳಿಗೂ ಕೊಟ್ಟಿದ್ದ ಅಧಿಕಾರವನ್ನು 2016ರ ನವೆಂಬರ್ 20ರ ಪತ್ರದಲ್ಲಿ ಕಾಯಂ ಮಾಡಿದರು. ಇಂದು ಯಾವ ಚರ್ಚಿನ ಯಾವ ಗುರುವಾದರೂ ಪಶ್ಚಾತ್ತಾಪದಿಂದ ಬಂದವರಿಗೆ ಈ ಪಾಪದಿಂದ ಬಿಡುಗಡೆ ಕೊಡಬಹುದು. ಊರಿನ ಗುರುವಿನ ಮುಂದೆ ಸಂಕೋಚವಾದರೆ ಪರಊರಿನ ಚರ್ಚಿಗೆ ಹೋಗಿ. ಈಸ್ಟರಿಗೆ ಮುಂಚಿನ ತಪಸ್ಸು ಕಾಲದಲ್ಲಿ ಹೊರಗಿನ ಗುರುಗಳು ಬಂದು ಕೂರುತ್ತಾರಲ್ಲ, ಆಗ ಹೋಗಿ.

ದೇಶದ ಕಾನೂನು ಬೇರೆ ದಾರಿಯಲ್ಲಿದೆ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಗೆ 2021ರಲ್ಲಿ ತಿದ್ದುಪಡಿಯಾಗಿ ಕೆಲವು ಸಂದರ್ಭಗಳಲ್ಲಿ 24 ವಾರದವರೆಗೆ ಅವಕಾಶವಾಯಿತು. 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅವಿವಾಹಿತೆಯರಿಗೂ ಅದು ಅನ್ವಯ ಎಂದಿತು. ಆ ಕಾಯ್ದೆಯನ್ನು ನಾನು ಒಪ್ಪುವುದಿಲ್ಲ. ಆದರೆ ಅದರಲ್ಲೊಂದು ಸಾಲಿದೆ, ಪ್ರತಿ ಅತ್ತೆ, ಪ್ರತಿ ಗಂಡ ಓದಬೇಕಾದ್ದು: ಬಸುರಿಯ ಒಪ್ಪಿಗೆ ಇಲ್ಲದೆ ಗರ್ಭಪಾತ ಮಾಡುವಂತಿಲ್ಲ. ‘ಬೇಡ’ ಎನ್ನುವ ಹಕ್ಕು ಅವಳಿಗಿದೆ. ಇದನ್ನು ಮದುವೆಗೆ ಮುಂಚಿನ ತರಬೇತಿಯಲ್ಲಿ ಹುಡುಗ ಹುಡುಗಿ ಇಬ್ಬರನ್ನೂ ಕೂರಿಸಿಕೊಂಡೇ ಹೇಳುತ್ತೇನೆ.

ಹೆತ್ತರೆ ಸಾಕಲಾರೆ ಎನ್ನುವವಳಿಗೂ ದಾರಿಯಿದೆ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಗೆ ಒಪ್ಪಿಸಬಹುದು, ಮನಸ್ಸು ಬದಲಾದರೆ ವಾಪಸು ಪಡೆಯಲು ಎರಡು ತಿಂಗಳ ಕಾಲಾವಕಾಶವಿದೆ. ಕಾಗದದ ಮೇಲೆ ಇದು ಸುಲಭ. ಆದರೆ ಹೊಟ್ಟೆ ಕಾಣುವ ಆ ಐದು ತಿಂಗಳು ಅವಳು ಎಲ್ಲಿರಬೇಕು? ಹಾಸ್ಟೆಲ್ಲಿನಿಂದ ಹೊರಗೆ ಹಾಕುತ್ತಾರೆ, ಮನೆಯಲ್ಲಿ ತಂಗಿಯ ಮದುವೆಯ ಮಾತು, ವಾರ್ಡಿನ ಪ್ರಾರ್ಥನಾಕೂಟದಲ್ಲಿ ಪಿಸುಮಾತು. ನರ್ಸಿಂಗ್ ಓದುವ ಹುಡುಗಿಯೊಬ್ಬಳು ನನ್ನನ್ನು ಕೇಳಿದ್ದಳು: ‘ಫಾದರ್, ಮಗುವನ್ನು ಉಳಿಸಿಕೊಂಡರೆ ಭಾನುವಾರ ಯಾವ ಬೆಂಚಿನಲ್ಲಿ ಕೂರಲಿ?’ ನಮ್ಮ ಧರ್ಮಕೇಂದ್ರದ ಒಂದು ಕುಟುಂಬ ಅವಳನ್ನು ಹೆರಿಗೆಯವರೆಗೆ ಮನೆಯಲ್ಲಿ ಇಟ್ಟುಕೊಂಡಿತು. ಸ್ನಾನದೀಕ್ಷೆಯ ದಿನ ಎರಡನೇ ಬೆಂಚಿನಲ್ಲಿ ಅವಳ ಒಂದು ಪಕ್ಕ ಆ ಮನೆಯ ಅಜ್ಜಿ, ಇನ್ನೊಂದು ಪಕ್ಕ ಅಜ್ಜ. ಗರ್ಭಪಾತದ ವಿರುದ್ಧ ನಾನು ಮಾಡಿದ ಯಾವ ಪ್ರಸಂಗವೂ ಆ ಅಜ್ಜಿ ಅಂದು ಮಗುವಿನ ಟೊಪ್ಪಿಯ ದಾರ ಕಟ್ಟಿದ್ದಕ್ಕೆ ಸಮವಲ್ಲ.

ಬಾವಿಕಟ್ಟೆಯ ತಾಯಿ ಆ ವರ್ಷದ ಪಾಸ್ಖ (ಈಸ್ಟರ್) ಹಬ್ಬಕ್ಕೆ ಪರಮಪ್ರಸಾದ ಸ್ವೀಕರಿಸಿದರು. ಅಷ್ಟು ವರ್ಷ ಬಿಟ್ಟು ಸಾಲಿಗೆ ಬಂದ ಹೆಂಡತಿಯನ್ನು ಗಂಡಸರ ಸಾಲಿನಿಂದ ನೋಡಿದ ಗಂಡ ಅಂದು ತಾವು ಕೂತಲ್ಲಿಂದ ಏಳಲಿಲ್ಲ. ನಾನು ಕರೆಸಿ ಮಾತಾಡಲಿಲ್ಲ. ಜೂನ್ ತಿಂಗಳು, ಮಳೆ ಹಿಡಿದ ಒಂದು ಸಂಜೆ, ಅವರೊಬ್ಬರೇ ಕೊಡೆ ಮಡಚಿ ಜಗಲಿಯಲ್ಲಿ ನಿಂತಿದ್ದರು. ಒಳಗೆ ಬರಲಿಲ್ಲ.

‘ಅವಳು ನಿಮ್ಮ ಹತ್ತಿರ ಎಲ್ಲ ಹೇಳಿರಬೇಕು. ಅದರಲ್ಲಿ ನನ್ನದೂ ಪಾಲಿದೆ ಅಲ್ವಾ ಗುರುಗಳೇ?’

ಇದೆ ಅಂದೆ. ಚರ್ಚಿನ ಬೀಗದ ಕೈ ತೆಗೆದುಕೊಂಡು, ಅವರ ಕೊಡೆಯಲ್ಲೇ ಇಬ್ಬರೂ ಅಂಗಳ ದಾಟಿದೆವು.